ಕೊಳವೆಯೊಳಗಿನ ಲೋಹದ ಚೂರು

ಮೈಸೂರಿನ ಮಂಡಕಳ್ಳಿಯಲ್ಲಿರುವಂಥ ವಿಮಾನ ನಿಲ್ದಾಣಗಳ ಆಸುಪಾಸಿನಲ್ಲಿ ವಿದ್ಯುತ್ತಿನ ಎತ್ತರದ ಗೋಪುರಗಳನ್ನು ಮನಬಂದಂತೆ ನಿಲ್ಲಿಸಲಾಗದು. ಇಂಥ ಎಡೆಗಳಿಗೆ ತಕ್ಕ ಉಪಾಯವೊಂದುಂಟು: ಅಲ್ಯೂಮಿನಿಯಂ ಕೊಳವೆಯ ನಡುವೆ ವಾಹಕವನ್ನು ರಾಳದ ಆಧಾರಗಳ ಮೇಲೆ ನಿಲ್ಲಿಸಿ, ಸುತ್ತಲೂ ಅನಿಲವನ್ನು ಒತ್ತಿ ತುಂಬುವುದು. ಜಿನೀವಾ ವಿಮಾನ ನಿಲ್ದಾಣದ ಮಗ್ಗುಲಿನ ಪಾಲೆಕ್ಸ್‌ಪೋ ವಸ್ತುಪ್ರದರ್ಶನ ಭವನದ ಬಳಿ ೨೦೦೧ರಲ್ಲಿ ಸುಮಾರು ೪೨೦ ಮೀಟರುಗಳ ಮಾರ್ಗವನ್ನು ಹೀಗೆಯೇ ಸುರಂಗಕ್ಕಿಳಿಸಿದರು. ನಮ್ಮ ಇಕ್ಕಟ್ಟಾದ ನಗರಗಳಲ್ಲಿಯೂ ಅನಿಲ ತುಂಬಿದ ಉಪಕೇಂದ್ರಗಳು ಬಂದಿವೆ. ಇವುಗಳ ಬೆಲೆಯನ್ನು ಕುರಿತು ಚರ್ಚೆ ಬೇಕಾದಷ್ಟು ನಡೆಯುತ್ತದೆ. ಶುಚಿತ್ವವನ್ನು ಕುರಿತು ನಡೆಯುವುದು ಸಾಲದು.

ಈ ಕೊಳವೆಗಳಲ್ಲಿ ಶುದ್ಧವಾಗಿಯೋ ಸಾರಜನಕದೊಡನೆ ಬೆರೆಸಿಯೋ ತುಂಬುವ ಗಂಧಕದ ಹೆಕ್ಸಫ್ಲೋರೈಡ್, ಸಮಾನ ಒತ್ತಡದಲ್ಲಿ ಗಾಳಿಗಿಂತ ಎರಡೂವರೆ-ಮೂರು ಪಟ್ಟು ವೋಲ್ಟೇಜನ್ನು ತಡೆಯಬಲ್ಲದು. ಆದರೆ ಜೋಡಣೆಯ ವೇಳೆ ತಿರುಪಿನಿಂದ ಉದುರಿದ, ಇಲ್ಲವೆ ಸಂಪರ್ಕಗಳ ಉಜ್ಜಾಟದಿಂದ ಎದ್ದ ಲೋಹದ ಚೂರೊಂದು ತಳದಲ್ಲಿ ಉಳಿದರೆ ಈ ಹಿರಿಮೆಯೆಲ್ಲ ಕುಂದುತ್ತದೆ. ಚೂರು ತಾನು ಬಿದ್ದಿರುವ ಗೋಡೆಯಿಂದ ವಿದ್ಯುದಾವೇಶವನ್ನು ಪಡೆಯುತ್ತದೆ. ವಾಹಕದ ಸೆಳೆತ ಅದರ ತೂಕವನ್ನು ಮೀರಿದೊಡನೆ ಮೇಲೇಳುತ್ತದೆ. ಲೆಕ್ಕ ಹಾಕಿ ನೋಡಿದರೆ, ಕಾಲು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಎಳೆಯನ್ನು ಎಬ್ಬಿಸಲು ಸೆಂಟಿಮೀಟರಿಗೆ ಸುಮಾರು ೫ ಕಿಲೋವೋಲ್ಟು ಸಾಕು. ೪೦೦ ಕಿಲೋವೋಲ್ಟಿನ ಮಾರ್ಗದ ಕೊಳವೆಯಲ್ಲಿ ಇದಕ್ಕೂ ಮಿಕ್ಕ ಕ್ಷೇತ್ರ ನಿತ್ಯವೂ ಇರುತ್ತದೆ! ಒಗ್ಗರಣೆಯ ಸಾಸಿವೆಯಂತೆ ಪುಟಿಪುಟಿದು ಅದು ವಾಹಕವನ್ನು ಸಮೀಪಿಸಿದರೆ, ಅದರ ಮೊನೆಯಲ್ಲಿ ಕ್ಷೇತ್ರವು ಸಾಂದ್ರವಾಗಿ ಕಿಡಿ ಹಾರಬಹುದು. ಆಧಾರದ ರಾಳಕ್ಕೆ ಅಂಟಿಕೊಂಡ ಚೂರು ಇನ್ನೂ ಕಪಟಿ. ಸಿಡಿಲಿನ ಒಂದು ಹೊಡೆತ ಬರುವವರೆಗೆ ಸುಮ್ಮನೆ ಕಾದಿರಬಲ್ಲದು.

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೧೪೭ ಕಿಲೋಮೀಟರು ಎಳೆದ ತಂತಿಗಳಿಗೆ ಬಯಲ ಗಾಳಿಯೇ ರಕ್ಷೆಯಾಗಿತ್ತು. ಗಾಳಿಯಲ್ಲಿ ಕಿಡಿ ಹಾರಿದರೂ ವಿದ್ಯುತ್ತನ್ನು ಕ್ಷಣಕಾಲ ತಡೆದರೆ ಗಾಳಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಕೊಳವೆಯಲ್ಲಾದರೋ, ಆಧಾರ ಸುಟ್ಟರೆ ಅನಿಲವನ್ನು ಹೊರಗೆಳೆದು, ಎಲ್ಲವನ್ನೂ ಬಿಚ್ಚಿ, ಮತ್ತೆ ಜೋಡಿಸಬೇಕು. ಆ ಅನಿಲ ವಾತಾವರಣಕ್ಕೆ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೪,೦೦೦ ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದು.

ಪರಿಹಾರಗಳಿಲ್ಲದಿಲ್ಲ. ಒಳಮೈಗೆ ಅವಾಹಕ ಲೇಪವನ್ನು ಬಳಿಯುವುದುಂಟು. ತಳದಲ್ಲಿ ಕ್ಷೇತ್ರ ದುರ್ಬಲವಾಗಿರುವ ಗುಳಿಗಳನ್ನಿಡುವುದುಂಟು. ವೋಲ್ಟೇಜನ್ನು ಹಂತಹಂತವಾಗಿ ಏರಿಸುತ್ತ ಚೂರುಗಳನ್ನು ಕುಣಿಸಿ ಈ ಗುಳಿಗಳಿಗೆ ಕೆಡಹುವುದು ಹೊತ್ತು ಹಿಡಿಯುವ ಕೆಲಸ. ಉದ್ಘಾಟನೆಯ ದಿನ ಗೊತ್ತಾದ ಮೇಲೆ ಮೊದಲು ಕತ್ತರಿ ಬೀಳುವುದು ಇಂಥದಕ್ಕೇ ಎಂಬ ಅಂಜಿಕೆ ನನಗುಂಟು. ಆದುದರಿಂದ ಧೂಳು ಸೇರದ ಡೇರೆ, ನೂಲು ಬಿಡದ ಬಟ್ಟೆ, ಪರೀಕ್ಷೆಗೆ ಬೇಕಾದ ದಿನಗಳು, ಇವೆಲ್ಲ ಟೆಂಡರಿನಲ್ಲಿಯೇ ಬೆಲೆಸಹಿತ ನಮೂದಾಗಬೇಕು. ಕೊಳವೆಯ ಒಳಗನ್ನು ಒರೆಸಿ ಕೊನೆಯ ಮುಚ್ಚಳವನ್ನು ಬಿಗಿಯುವ ಕೆಲಸಗಾರನಿಗೆ, “ಇನ್ನೂ ಶುಚಿಯಾಗಿಲ್ಲ, ತಡೆಯಿರಿ” ಎಂದು ಹಿರಿಯ ಎಂಜಿನಿಯರರಿಗೂ ಹೇಳುವ ಅಧಿಕಾರವಿರಬೇಕು.