ವಿಸ್ತೃತ ವಾರಂಟಿ: ಭಯಕ್ಕೆ ತೆರುವ ಬೆಲೆಯೇ?

ಹೊಸ ವಾಹನ ಖರೀದಿಸುವ ಕುಟುಂಬದ ಮುಂದೆ ಷೋರೂಮಿನಲ್ಲಿ ಹತ್ತಾರು ಕಾಗದಗಳನ್ನು ಹರಡಲಾಗುತ್ತದೆ. ನೋಂದಣಿ, ರಸ್ತೆ ತೆರಿಗೆ, ವಿಮೆ, ಸಾಲದ ಕರಾರು ಮುಂತಾದವುಗಳ ನಡುವೆ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ವಿಸ್ತೃತ ವಾರಂಟಿಯ ಹಾಳೆಯೂ ಇರುತ್ತದೆ. ವಾಹನದ ಬೆಲೆಯ ಕುರಿತು ವಾರಗಟ್ಟಲೆ ಚೌಕಾಸಿ ಮಾಡಿದವರೂ ಈ ಹಾಳೆಗೆ ಒಂದೇ ನಿಮಿಷದಲ್ಲಿ ಸಹಿ ಹಾಕುತ್ತಾರೆ. ನಾಳೆ ಎಂಜಿನ್ ಕೆಟ್ಟರೆ ಲಕ್ಷ ರೂಪಾಯಿ ಎಲ್ಲಿಂದ ತರುತ್ತೀರಿ ಎಂಬ ಒಂದು ಪ್ರಶ್ನೆ ಸಾಕು, ಸಂತಸದಲ್ಲಿರುವ ಮನೆಯವರ ಮನಸ್ಸಿನಲ್ಲಿ ಭಯ ಹುಟ್ಟಿಸಲು. ಈ ಭಯಕ್ಕೆ ನಾವು ಬೆಲೆ ತೆರಬೇಕೇ ಅಥವಾ ಲೆಕ್ಕ ಹಾಕಿ ನಿರ್ಧರಿಸಬೇಕೇ?

ಮೊದಲನೆಯದಾಗಿ, ವಾಹನದೊಂದಿಗೆ ಉಚಿತವಾಗಿ ಬರುವ ಮೂಲ ವಾರಂಟಿ ಎಷ್ಟು ಕಾಲದ್ದು ಎಂಬುದನ್ನು ನಾವು ತಿಳಿಯಬೇಕು. ಮಾರುತಿ ಸುಜುಕಿ ಕಂಪೆನಿಯು 2024ರ ಜುಲೈಯಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿಲೋಮೀಟರ್‌ನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್‌ಗೆ ಏರಿಸಿತು. ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿಯೂ ಮುಗಿಯುತ್ತದೆ. ವಿಸ್ತೃತ ವಾರಂಟಿ ಆರಂಭವಾಗುವುದು ಆ ಬಳಿಕವೇ. ಅಂದರೆ ಇಂದು ನಾವು ಕೊಡುವ ಹಣ ನಾಲ್ಕನೆಯ ವರ್ಷದ ರಕ್ಷಣೆಗಾಗಿ. ಹಾಗಿರುವಾಗ ಇಂದೇ ಸಹಿ ಹಾಕಬೇಕೆಂಬ ಅವಸರವೇಕೆ? ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಇದನ್ನು ಖರೀದಿಸಲು ಬಹುತೇಕ ತಯಾರಕರು ಅವಕಾಶ ನೀಡುತ್ತಾರೆ. ತಡವಾದಂತೆ ಬೆಲೆ ಸ್ವಲ್ಪ ಏರಬಹುದು. ಆದರೆ ಆ ಹೊತ್ತಿಗೆ ವಾಹನದ ಗುಣ ದೋಷಗಳು ನಮಗೆ ತಿಳಿದಿರುತ್ತವೆ.

ಎರಡನೆಯದಾಗಿ, ಈ ವಾರಂಟಿ ಯಾವುದನ್ನು ಒಳಗೊಂಡಿಲ್ಲ ಎಂಬುದನ್ನು ಓದಬೇಕು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟಯರ್, ವೈಪರ್, ಫಿಲ್ಟರ್‌ಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಅಪಘಾತದ ಹಾನಿ, ನೆರೆನೀರು ನುಗ್ಗಿ ಎಂಜಿನ್ ಕೆಡುವುದು, ಇಲಿ ಕಡಿದ ವಯರ್, ಕಲಬೆರಕೆ ಇಂಧನದಿಂದಾಗುವ ತೊಂದರೆ ಇವು ಕೂಡ ಹೊರಗುಳಿಯುತ್ತವೆ. ಮಳೆಗಾಲದಲ್ಲಿ ರಸ್ತೆಯೇ ಹೊಳೆಯಾಗುವ ಕರಾವಳಿಯವರಿಗೆ ಬೇಕಾದುದು ವಿಮೆಯೊಂದಿಗೆ ಪ್ರತ್ಯೇಕವಾಗಿ ದೊರೆಯುವ ಎಂಜಿನ್ ರಕ್ಷಣೆಯೇ ಹೊರತು ವಿಸ್ತೃತ ವಾರಂಟಿಯಲ್ಲ. ವಿಮೆ ಅಪಘಾತಕ್ಕೆ, ವಾರಂಟಿ ತಯಾರಿಕೆಯ ದೋಷಕ್ಕೆ. ಈ ವ್ಯತ್ಯಾಸ ತಿಳಿಯದೆ ಎರಡಕ್ಕೂ ಹಣ ಕಟ್ಟಿ, ಕೊನೆಗೆ ಎರಡೂ ಕಡೆಗಳಿಂದ ಬರಿಗೈಯಲ್ಲಿ ಮರಳುವವರಿದ್ದಾರೆ.

ನಮ್ಮ ಸಮುದಾಯದ ಎಷ್ಟೋ ಮನೆಗಳ ಸ್ಥಿತಿಯನ್ನು ಇಲ್ಲಿ ಗಮನಿಸಬೇಕಾಗಿದೆ. ಮಗ ಕೊಲ್ಲಿಯಲ್ಲಿ ದುಡಿಯುತ್ತಾನೆ. ರಜೆಯಲ್ಲಿ ಬಂದಾಗ ಕಾರು ಖರೀದಿಸುತ್ತಾನೆ. ಅವನು ಮರಳಿದ ಬಳಿಕ ಆ ಕಾರು ವರ್ಷದ ಹತ್ತು ತಿಂಗಳು ಪೋರ್ಟಿಕೋದಲ್ಲಿ ಬಟ್ಟೆ ಹೊದ್ದು ನಿಂತಿರುತ್ತದೆ. ಆದರೆ ವಾರಂಟಿಯ ಗಡಿಯಾರ ನಿಲ್ಲುವುದಿಲ್ಲ. ಮೂರು ವರ್ಷಗಳಲ್ಲಿ 10,000 ಕಿಲೋಮೀಟರ್ ಓಡದ ಕಾರಿಗೂ ಅವಧಿ ಮುಗಿಯುತ್ತದೆ. ನಿಂತ ಕಾರಿನಲ್ಲಿ ಮೊದಲು ಕೆಡುವುದು ಬ್ಯಾಟರಿ, ಟಯರ್ ಮತ್ತು ಇಲಿ ಕಡಿಯುವ ವಯರ್‌ಗಳು. ಇವುಗಳಿಗೆ ವಿಸ್ತೃತ ವಾರಂಟಿಯಲ್ಲಿ ಬಹುತೇಕ ಸ್ಥಾನವಿಲ್ಲ. ಕಾರು ಓಡಿಯೇ ಇಲ್ಲವಲ್ಲ ಎಂದು ವಾರ್ಷಿಕ ಸರ್ವೀಸ್ ತಪ್ಪಿಸಿದರಂತೂ ಅದೇ ನೆಪದಲ್ಲಿ ವಾರಂಟಿಯನ್ನು ನಿರಾಕರಿಸಬಹುದು. ಮರುಭೂಮಿಯ ಬಿಸಿಲಿನಲ್ಲಿ ಬೆವರು ಸುರಿಸಿ ಗಳಿಸಿದ ಹಣ ಯಾವ ಪ್ರಯೋಜನವೂ ಇಲ್ಲದ ಕಾಗದಕ್ಕೆ ಹೋಗುವುದು ಸರಿಯೇ?

ಹಾಗೆಂದು ವಿಸ್ತೃತ ವಾರಂಟಿ ಎಲ್ಲರಿಗೂ ವ್ಯರ್ಥವೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಥವಾ ಟರ್ಬೋ ಎಂಜಿನ್ ಇರುವ ವಾಹನ ಹೊಂದಿರುವವರು, ಐದಾರು ವರ್ಷ ಅದೇ ವಾಹನವನ್ನು ಇಟ್ಟುಕೊಳ್ಳುವವರು ಇದನ್ನು ಗಂಭೀರವಾಗಿ ಪರಿಗಣಿಸಬಹುದು. ಒಮ್ಮೆಲೇ ಎದುರಾಗುವ ದೊಡ್ಡ ರಿಪೇರಿ ವೆಚ್ಚವು ಮಕ್ಕಳ ಶಾಲಾ ಶುಲ್ಕಕ್ಕೇ ಸಂಚಕಾರ ತರುವಂತಿದ್ದರೆ ಆ ಕುಟುಂಬಕ್ಕೂ ಇದು ವಿವೇಕದ ಆಯ್ಕೆಯಾಗಬಹುದು. ಒಂಟೆಯನ್ನು ಕಟ್ಟದೆ ದೇವನ ಮೇಲೆ ಭಾರ ಹಾಕುವುದು ತವಕ್ಕುಲ್ ಅಲ್ಲ ಎಂಬುದು ನಮ್ಮ ಮಕ್ಕಳಿಗೂ ತಿಳಿದ ಪಾಠ. ಆದರೆ ವಾಹನವನ್ನು ಟ್ಯಾಕ್ಸಿಯಾಗಿ ಓಡಿಸುವವರು, ಹೊರಗಿನಿಂದ ಗ್ಯಾಸ್ ಕಿಟ್ ಅಳವಡಿಸಿದವರು ತಮಗೆ ಇದು ಅನ್ವಯಿಸುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಲಿ.

ಇನ್ನು ಸಾಲದ ವಿಷಯ. ಅನೇಕ ಕಡೆ ವಾರಂಟಿಯ ಹಣವನ್ನೂ ವಾಹನ ಸಾಲದಲ್ಲಿ ಸೇರಿಸಿಬಿಡುತ್ತಾರೆ. 20,000 ರೂಪಾಯಿಯ ವಾರಂಟಿಯನ್ನು ಶೇ. 10ರ ಬಡ್ಡಿಗೆ ಐದು ವರ್ಷಗಳ ಸಾಲದಲ್ಲಿ ಸೇರಿಸಿದರೆಂದು ಇಟ್ಟುಕೊಳ್ಳೋಣ. ಕೊನೆಗೆ ಕಟ್ಟುವುದು ಸುಮಾರು 25,500 ರೂಪಾಯಿ. ಇನ್ನೂ ಆರಂಭವೇ ಆಗದ ರಕ್ಷಣೆಗಾಗಿ ಮೂರು ವರ್ಷ ಬಡ್ಡಿ ತೆರುವುದೆಂದರೆ ಏನರ್ಥ? ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ಕುಟುಂಬಗಳೂ ಈ ಒಂದು ಸಾಲಿನ ಮೂಲಕ ಅರಿಯದೆ ಅದರೊಳಗೆ ಸಿಲುಕುತ್ತವೆ. ವಾರಂಟಿಯ ಒಪ್ಪಂದದ ಸ್ವರೂಪದ ಬಗ್ಗೆ ಸಮಕಾಲೀನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ತಯಾರಕನು ಮಾರಾಟದ ಬೆಲೆಯಲ್ಲೇ ನೀಡುವ ಖಾತರಿ ಬೇರೆ, ಪ್ರತ್ಯೇಕ ಹಣಕ್ಕೆ ಮಾರುವ ಖಾತರಿ ಬೇರೆ. ಎರಡನೆಯದರಲ್ಲಿ ಗರರ್, ಅಂದರೆ ಅನಿಶ್ಚಿತತೆಯ ಅಂಶವಿದೆ ಎಂಬುದು ಹಲವರ ವಾದ. ಈ ಕುರಿತು ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ತಾವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳುವುದೇ ಸೂಕ್ತ. ಆದರೆ ಷರತ್ತುಗಳನ್ನು ಓದದೆ ಸಹಿ ಹಾಕುವುದು ಯಾರ ದೃಷ್ಟಿಯಲ್ಲೂ ಸರಿಯಲ್ಲ.

ಕಾನೂನು ಗ್ರಾಹಕನನ್ನು ಸಂಪೂರ್ಣ ಕೈಬಿಟ್ಟಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನ ಮೆಕ್ಯಾನಿಕ್‌ನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಗೊಳಿಸುವ ಷರತ್ತು ಸಲ್ಲದು ಎಂದು ಅದು ಆದೇಶಿಸಿತು. ಕಂಪೆನಿಗಳು ಇದನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಿದುದೂ ನಿಜ. ಆದ್ದರಿಂದ ಆ ಆದೇಶವನ್ನು ನಂಬಿ ಅಧಿಕೃತ ಸರ್ವೀಸನ್ನು ತಪ್ಪಿಸುವುದು ಜಾಣತನವಲ್ಲ. ಪ್ರತಿಯೊಂದು ಸರ್ವೀಸಿನ ರಶೀದಿಯನ್ನು ಜೋಪಾನವಾಗಿಡಬೇಕು. ನ್ಯಾಯವಾದ ಬೇಡಿಕೆಯನ್ನು ತಿರಸ್ಕರಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಅಂತಹ ಗ್ರಂಥವನ್ನು ಓದುವ ಸಮುದಾಯ ತನ್ನ ಮುಂದಿಟ್ಟ ಕರಾರನ್ನು ಓದದೆ ಸಹಿ ಹಾಕುವುದು ಸೋಜಿಗವಲ್ಲವೇ? ವಾರಂಟಿಯ ಹಾಳೆಯನ್ನು ಮನೆಗೆ ತನ್ನಿ. ಇಂಗ್ಲಿಷ್ ಬಲ್ಲ ಮಗನೋ ಮಗಳೋ ಅದನ್ನು ಮನೆಯವರೆಲ್ಲರ ಎದುರು ಓದಿ ಹೇಳಲಿ. ಅದನ್ನು ಕೊಡುವವರು ತಯಾರಕರೇ ಅಥವಾ ಬೇರಾವುದೋ ಸಂಸ್ಥೆಯೇ, ವಾಹನ ಮಾರಿದರೆ ವಾರಂಟಿ ಹೊಸ ಮಾಲೀಕನಿಗೆ ವರ್ಗವಾಗುತ್ತದೆಯೇ, ಒಟ್ಟು ಎಷ್ಟು ಕಿಲೋಮೀಟರ್‌ವರೆಗೆ ರಕ್ಷಣೆ ಇದೆ ಎಂಬುದನ್ನು ವಿಚಾರಿಸಿ. ಬೇಡವೆಂದು ನಿರ್ಧರಿಸಿದರೆ ಆ ಹಣವನ್ನು ಖರ್ಚು ಮಾಡದೆ ರಿಪೇರಿಗೆಂದೇ ಬೇರೆ ತೆಗೆದಿಡಿ. ಬೇಕೆಂದು ಕಂಡರೆ ಸಾಲದಲ್ಲಿ ಸೇರಿಸದೆ ಕೈಯಿಂದಲೇ ಪಾವತಿಸಿ. ಹಾಗೆ ಮಾಡಲು ಷೋರೂಮಿನವರು ಒಂದು ದಿನದ ಸಮಯವನ್ನೂ ಕೊಡದಿದ್ದರೆ, ಅವರ ಅವಸರದ ಕಾರಣವನ್ನು ಮೊದಲು ಕೇಳಿ.