ಒರಟು ಗೋಡೆಯ ಮೇಲೆ ನೇರ ಗೆರೆ

ಗೋಡೆಯ ಕೆಳಭಾಗಕ್ಕೆ ಗಾಢ ಬಣ್ಣ, ಮೇಲ್ಭಾಗಕ್ಕೆ ತಿಳಿ ಬಣ್ಣ ಬಳಿಯುವುದು ನಮ್ಮಲ್ಲಿ ಹಳೆಯ ರೂಢಿ. ಮನೆಗಳಲ್ಲಷ್ಟೇ ಅಲ್ಲ, ಶಾಲೆಯ ಕೊಠಡಿಗಳಲ್ಲೂ ಆಸ್ಪತ್ರೆಗಳಲ್ಲೂ ಇದನ್ನು ಕಾಣಬಹುದು. ಕೈಕೊಳೆ, ಬೆಂಚು ಉಜ್ಜಿದ ಗುರುತು, ಒರಗಿ ಕೂತವರ ತಲೆಯ ಎಣ್ಣೆ ಎಲ್ಲವೂ ಕೆಳಗಿನ ಬಣ್ಣದಲ್ಲಿ ಅಡಗಿಹೋಗುತ್ತವೆ. ಫಜೀತಿ ಇರುವುದು ಎರಡು ಬಣ್ಣಗಳು ಸೇರುವ ಕಡೆ. ನುಣುಪಾದ ಗೋಡೆಯಲ್ಲಿ ಆ ಗೆರೆ ಸ್ಕೇಲಿನಿಂದ ಎಳೆದಂತೆ ಬರುತ್ತದೆ. ಮರಳಿನ ಗಿಲಾವಿನ ಒರಟು ಗೋಡೆಯಲ್ಲಿ ಮಾತ್ರ, ಎಷ್ಟೇ ಜೋಪಾನವಾಗಿ ಟೇಪು ಅಂಟಿಸಿ ಬಳಿದರೂ, ಟೇಪು ಕಿತ್ತಾಗ ಉದ್ದಕ್ಕೂ ಗರಗಸದ ಹಲ್ಲು! ಪೇಂಟರನ ಕೈ ಸರಿಯಿಲ್ಲ ಎಂದು ಮನೆಯವರು, ಟೇಪೇ ಸರಿಯಿಲ್ಲ ಎಂದು ಪೇಂಟರು. ನಿಜವಾದ ಕಾರಣ ವಿಜ್ಞಾನದ ಪಾಠದಲ್ಲಿದೆ.

ಒರಟು ಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ದಿಣ್ಣೆಗಳೂ ತಗ್ಗುಗಳೂ ಕಾಣುತ್ತವೆ. ಟೇಪು ದಿಣ್ಣೆಗಳ ನೆತ್ತಿಗೆ ಮಾತ್ರ ಅಂಟಿಕೊಂಡು, ತಗ್ಗುಗಳ ಮೇಲೆ ಕಾಲುಸೇತುವೆಯಂತೆ ನಿಲ್ಲುತ್ತದೆ. ಅದರ ಅಡಿಯಲ್ಲಿ ಕಿರಿದಾದ ಸಂದುಗಳು ಉಳಿಯುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದು ಯಾವ ಗುಣದಿಂದಲೋ, ಅದೇ ಗುಣದಿಂದ ಬಣ್ಣವೂ ಆ ಸಂದುಗಳಿಗೆ ತಾನಾಗಿ ನುಗ್ಗುತ್ತದೆ. ಇದೇ ಲೋಮನಾಳ ಕ್ರಿಯೆ. 1 ಮಿ.ಮೀ. ಒಳವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರಿದರೆ, 0.1 ಮಿ.ಮೀ. ಕೊಳವೆಯಲ್ಲಿ ಸುಮಾರು 30 ಸೆಂ.ಮೀ. ಏರಬಲ್ಲದು. ಬಣ್ಣದ ಸ್ನಿಗ್ಧತೆ ನೀರಿಗಿಂತ ಬಹಳ ಹೆಚ್ಚು, ಅಲ್ಲದೆ ಅದು ಬೇಗ ಒಣಗುತ್ತದೆ. ಹಾಗಾಗಿ ಬಹುದೂರ ಹರಿಯುವುದಿಲ್ಲ. ಆದರೆ ಗೆರೆ ಕೆಡಲು ಎರಡು ಮೂರು ಮಿ.ಮೀ. ಸಾಕಲ್ಲ! ಉಳಿತಾಯಕ್ಕೆಂದು ನೀರು ಬೆರೆಸಿ ಬಣ್ಣವನ್ನು ತೆಳು ಮಾಡಿದರಂತೂ ಸೋರಿಕೆಗೆ ಆಹ್ವಾನ ಕೊಟ್ಟಂತೆ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಸೂಕ್ಷ್ಮದರ್ಶಕಕ್ಕೆ ಬಳಸುವ ಎರಡು ಗಾಜಿನ ಪಟ್ಟಿಗಳನ್ನು ಜೋಡಿಸಿ, ಒಂದು ಉದ್ದದ ಅಂಚಿನ ನಡುವೆ ಬೆಂಕಿಕಡ್ಡಿ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಇನ್ನೊಂದು ಅಂಚಿನಲ್ಲಿ ಎರಡೂ ಪಟ್ಟಿ ತಾಗಿರಲಿ. ಶಾಯಿ ಬೆರೆಸಿದ ನೀರಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ, ಕಡ್ಡಿಯ ಕಡೆ ನೀರು ಸ್ವಲ್ಪವೇ ಏರಿ, ಪಟ್ಟಿಗಳು ತಾಗುವ ಕಡೆ ಎತ್ತರಕ್ಕೆ ಹತ್ತುತ್ತದೆ. ನಡುವೆ ಚೆಂದದ ಬಾಗುಗೆರೆ ಮೂಡುತ್ತದೆ.

ಹಾಗಾದರೆ ಗೋಡೆಯನ್ನೇ ಉಜ್ಜಿ ನುಣುಪು ಮಾಡಿದರಾಯಿತಲ್ಲ ಎನ್ನಬಹುದು. ಹೊಸ ಮನೆಯಾದರೆ ಸರಿ, ಪುಟ್ಟಿ ಹಚ್ಚಿ ಉಜ್ಜಬಹುದು. ಹಳೆಯ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವ ಮುನ್ನ ತಂದೆತಾಯಂದಿರು ಒಂದು ಕ್ಷಣ ಯೋಚಿಸಬೇಕು. ಹಳೆಯ ಪೇಂಟಿನಲ್ಲಿ, ವಿಶೇಷವಾಗಿ ಹೊಳೆಯುವ ಆಯಿಲ್ ಪೇಂಟಿನಲ್ಲಿ, ಸೀಸದ ಸಂಯುಕ್ತಗಳಿರುವ ಸಂಭವ ಉಂಟು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಗೋಡೆಯನ್ನು ಒಣಗಿದ್ದಾಗಲೇ ಉಪ್ಪುಕಾಗದದಿಂದ ತಿಕ್ಕಿದರೆ, ಆ ಧೂಳು ಹಾಸಿಗೆ, ಆಟಿಕೆ, ಅಡುಗೆಯ ಪಾತ್ರೆ ಎಲ್ಲೆಡೆ ಕೂರುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಟ್ಟರೆ ಸೀಸ ಒಳಸೇರುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಚೂರು ಕೆರೆಯಲೇಬೇಕಾದರೆ ಗೋಡೆಯನ್ನು ಒದ್ದೆಮಾಡಿಕೊಂಡು ಕೆರೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ಮನೆಯಿಂದ ಆಚೆ ಕಳಿಸಿ, ಬಿದ್ದದ್ದನ್ನು ಗುಡಿಸದೆ ಒದ್ದೆಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಒಂದು ಗೆರೆಯ ಅಂದಕ್ಕಾಗಿ ಇಷ್ಟೆಲ್ಲ ಬೇಕಾಗಿಲ್ಲ. ಗೋಡೆ ಒರಟಾಗಿಯೇ ಇರಲಿ, ಅದಕ್ಕೆ ಬೇರೆ ಉಪಾಯವಿದೆ.

ಸೋರಿಕೆಯನ್ನು ತಡೆಯಲಾಗದಿದ್ದರೆ, ಸೋರುವ ಬಣ್ಣ ಯಾವುದೆಂಬುದನ್ನು ನಾವೇ ಆರಿಸಬಹುದಲ್ಲವೇ? ಮೇಲೆ ಕೆನೆಬಣ್ಣ, ಕೆಳಗೆ ಕಂದು ಎಂದಿಟ್ಟುಕೊಳ್ಳಿ. ಮೊದಲು ಕೆನೆಬಣ್ಣವನ್ನು ಗೆರೆಗಿಂತ ನಾಲ್ಕು ಬೆರಳು ಕೆಳಗಿನವರೆಗೂ ಬಳಿದು, ಒಂದು ಇಡೀ ದಿನ ಒಣಗಲು ಬಿಡಬೇಕು. ಆಮೇಲೆ ಟೇಪನ್ನು ಕೆನೆಯ ಕಡೆಗೆ, ಅದರ ಕೆಳ ಅಂಚು ಗೆರೆಯ ಮೇಲೆ ಬರುವಂತೆ, ಜಗ್ಗದೆ ಅಂಟಿಸಿ, ಚಮಚದ ಬೆನ್ನಿನಿಂದ ಅಂಚನ್ನು ಒತ್ತಬೇಕು. ಈಗ ಕಂದು ಬಳಿಯುವ ಆತುರ ಬೇಡ. ಟೇಪಿನ ಅಂಚಿನುದ್ದಕ್ಕೂ ಮತ್ತೊಮ್ಮೆ ಅದೇ ಕೆನೆಬಣ್ಣವನ್ನು ತೆಳುವಾಗಿ ಎಳೆಯಿರಿ. ಸಂದುಗಳಿಗೆ ನುಗ್ಗುವುದು ಕೆನೆ, ಅಡಿಯಲ್ಲಿರುವುದೂ ಕೆನೆ. ಸೋರಿದ್ದು ಯಾರಿಗೂ ಕಾಣದು. ಅದು ಒಣಗಿ ಸಂದುಗಳು ಮುಚ್ಚಿದ ಮೇಲೆ ಕಂದು ಬಳಿದರೆ ಅದಕ್ಕೆ ನುಗ್ಗಲು ದಾರಿಯೇ ಇಲ್ಲ.

ಟೇಪಿನ ಹುಟ್ಟೂ ಇಂಥದೇ ಫಜೀತಿಯಿಂದ ಆದದ್ದು. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಷೋಕಿ ಶುರುವಾಗಿತ್ತು. ಕಾಗದವನ್ನು ಗೋಂದಿನಿಂದ ಅಂಟಿಸಿ ಬಣ್ಣ ಹೊಡೆದರೆ, ಕೀಳುವಾಗ ಬಣ್ಣವೂ ಎದ್ದುಬರುತ್ತಿತ್ತು. ಉಪ್ಪುಕಾಗದ ಮಾಡುತ್ತಿದ್ದ ಮಿನೆಸೋಟಾದ 3ಎಂ ಕಂಪನಿಯ ನೌಕರ ರಿಚರ್ಡ್ ಡ್ರೂ ಅದನ್ನು ನೋಡಿ, ಪ್ರಯೋಗ ನಡೆಸಿ, 1925ರಲ್ಲಿ ಮಾಸ್ಕಿಂಗ್ ಟೇಪನ್ನು ರೂಪಿಸಿದ. ಅಂಟಬೇಕು, ಆದರೆ ಕಿತ್ತರೆ ಬರಬೇಕು. ಅದರ ಜಾಣ್ಮೆಯೆಲ್ಲ ಇಷ್ಟರಲ್ಲೇ ಇದೆ. ಹುಡಿ ಉದುರುವ ಸುಣ್ಣದ ಗೋಡೆಯ ಮೇಲೆ ಮಾತ್ರ ಈ ಜಾಣ್ಮೆ ನಡೆಯದು, ಟೇಪಿನೊಡನೆ ಸುಣ್ಣವೂ ಕಿತ್ತುಬರುತ್ತದೆ.

ಇನ್ನು ಗೆರೆ ಎಳೆಯುವ ಬಗೆ. ಗಾರೆಯವರ ಹಳೆಯ ವಿಧಾನಕ್ಕೆ ಸಾಟಿಯಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಎರಡು ತುದಿಗಳ ಮಟ್ಟ ಗುರುತಿಸಿ, ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಗೆರೆ ಸಿದ್ಧ. ಕೆಮ್ಮಣ್ಣು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ತಿಳಿ ಬಣ್ಣದಡಿಯಿಂದ ಇಣುಕುತ್ತದೆ. ಸೂರಿನ ಹತ್ತಿರದ ಗೆರೆಯಾದರೆ ಲೆಕ್ಕ ಬೇರೆ. ಹಳೆಯ ಮನೆಗಳ ಸೂರು ಅಷ್ಟಿಷ್ಟು ವಾಲಿರುತ್ತದೆ. ಅಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಎಳೆದ ಗೆರೆಯೇ ಸೊಟ್ಟಗೆ ಕಾಣುತ್ತದೆ. ಸೂರನ್ನೇ ಅನುಸರಿಸುವುದು ಲೇಸು. ಸಣ್ಣ ಹಲ್ಲುಗಳ ಬಗ್ಗೆ ಅಷ್ಟು ಚಿಂತೆ ಬೇಡ. ಆರೋಗ್ಯವಂತ ಕಣ್ಣು ಮೂರು ಮೀಟರ್ ದೂರದಿಂದ ಗುರುತಿಸಬಲ್ಲ ಅತಿ ಚಿಕ್ಕ ಅಂತರ ಸುಮಾರು 1 ಮಿ.ಮೀ. ಮಾತ್ರ.

ಕೊನೆಯ ಕೋಟು ಪೂರ್ತಿ ಒಣಗುವ ಮುನ್ನವೇ ಟೇಪು ತೆಗೆಯಬೇಕು. ಒಣಗಿದರೆ ಗೋಡೆಯ ಮೇಲಿನ ಪೊರೆ ಮತ್ತು ಟೇಪಿನ ಮೇಲಿನ ಪೊರೆ ಒಂದೇ ಆಗಿ, ಎಳೆದಾಗ ಚಿಂದಿಯಾಗಿ ಹರಿಯುತ್ತದೆ. ತಡವಾಗಿದ್ದರೆ ಬ್ಲೇಡಿನ ತುದಿಯಿಂದ ಅಂಚಿಗೆ ಹಗುರವಾಗಿ ಗೀರು ಹಾಕಿಕೊಂಡು, ಟೇಪನ್ನು ಹಿಂದಕ್ಕೆ ಮಡಿಸಿ 45 ಡಿಗ್ರಿ ಓರೆಯಲ್ಲಿ ನಿಧಾನವಾಗಿ ಎಳೆಯಿರಿ. ಅಲ್ಲಲ್ಲಿ ಚುಕ್ಕೆ ಉಳಿದರೆ ಮಕ್ಕಳ ಚಿತ್ರಕಲೆಯ ಸಣ್ಣ ಬ್ರಶ್ಶೇ ಸಾಕು.