ಮನೆವಾರ್ತೆ: ಚಾವಣಿಯಲ್ಲಿ ಹುದುಗುವ ದೀಪಗಳು

ಹಳೆಯ ಮನೆಯನ್ನು ನವೀಕರಿಸಹೊರಟವರ ದೃಷ್ಟಿ ಈಗೀಗ ಮೊದಲು ಏರುವುದು ಚಾವಣಿಯತ್ತ. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರೊಳಗೆ ಸಾಲಾಗಿ ದೀಪಗಳನ್ನು ಹುದುಗಿಸಿದರೆ ಮನೆಗೆ ಶೋಭೆ ಬಂದೀತೆಂಬುದು ಎಲ್ಲರ ಎಣಿಕೆ. ಶೋಭೆ ಬರುವುದೂ ದಿಟ. ಆದರೆ ಆ ಬೆಳಕಿನಲ್ಲಿ ಅಕ್ಕಿ ಆರಿಸುವ ಅತ್ತೆಯವರಿಗೆ ಕಲ್ಲು ಕಂಡೀತೆ ಎಂದು ಯೋಚಿಸುವವರು ವಿರಳ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು. ಆದರೆ ಕೋರೈಸುವ ಬೆಳಕನ್ನು ಅದು ತಾಳಲಾರದು.

ನಮ್ಮಲ್ಲಿ ಬಹುಪಾಲು ಮನೆಗಳ ತಾರಸಿ ಕಾಂಕ್ರೀಟಿನದು. ಅದನ್ನು ಕೊರೆದು ದೀಪ ಕೂರಿಸುವಂತಿಲ್ಲ. ಕೆಳಗೆ ಇನ್ನೊಂದು ಚಾವಣಿಯನ್ನೇ ತೂಗುಹಾಕಬೇಕು. ಅದಕ್ಕೆ 4ರಿಂದ 6 ಅಂಗುಲ ಎತ್ತರ ಕಳೆಯುತ್ತದೆ. ವಾಸದ ಕೋಣೆ ಕನಿಷ್ಠ 2.75 ಮೀಟರ್, ಎಂದರೆ ಸುಮಾರು 9 ಅಡಿ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ತಾರಸಿ 10 ಅಡಿಯಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ತಗ್ಗಾಗಿದ್ದರೆ ಗೋಡೆಯಂಚಿನಲ್ಲಷ್ಟೇ ಪಟ್ಟಿಯಂತೆ ಇಳಿಸಿ, ನಡುಭಾಗವನ್ನು ಹಾಗೆಯೇ ಬಿಡುವುದು ಲೇಸು.

ಇನ್ನು ದೀಪಗಳ ಸ್ಥಾನ. ಗುತ್ತಿಗೆದಾರರು ಚದುರಂಗದ ಮಣೆಯಂತೆ ಸಮಾನಾಂತರದಲ್ಲಿ ಗುರುತು ಹಾಕಿಕೊಂಡು ಹೋಗುತ್ತಾರೆ. ಅವರಿಗೆ ಅದು ಸುಲಭ. ಅಡುಗೆಮನೆಯ ನಡುವೆ ದೀಪವಿದ್ದರೆ ಕಟ್ಟೆಯ ಮುಂದೆ ನಿಂತವರ ನೆರಳು ಅವರ ಕೈಮೇಲೆಯೇ ಬೀಳುತ್ತದೆ, ಈಳಿಗೆಯ ಬಾಯೇ ಕಾಣುವುದಿಲ್ಲ. ದೀಪ ಕಟ್ಟೆಯ ನೇರಕ್ಕೇ ಇರಬೇಕು. ಕಟ್ಟೆಯ ಮೇಲೆ ಗೋಡೆಬೀರುವಿದ್ದರೆ ಅದರ ತಳದಲ್ಲೊಂದು ಪಟ್ಟಿದೀಪ. ಮಲಗುವ ಕೋಣೆಯಲ್ಲಿ ದಿಂಬಿನ ನೇರಕ್ಕೆ ದೀಪ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಫ್ಯಾನನ್ನು! ರೆಕ್ಕೆಗಳ ಮೇಲ್ಗಡೆ ದೀಪ ಬಂದರೆ ಕೋಣೆಯೆಲ್ಲ ಬೆಳಕು ಪಟಪಟನೆ ಮಿಡಿಯುತ್ತದೆ. ಪತ್ರಿಕೆ ಓದುವವರಿಗೆ ತಲೆನೋವೇ ಗತಿ. ಸಾಮಾನ್ಯ ಫ್ಯಾನಿನ ಹರವು 48 ಅಂಗುಲ. ಆ ವೃತ್ತದಿಂದ ದೀಪಗಳನ್ನು ಸಾಕಷ್ಟು ದೂರ, ಗೋಡೆಯ ಕಡೆಗೆ ಸರಿಸಿರಿ.

ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ. ಅದು ವಿದ್ಯುತ್ತಿನ ಲೆಕ್ಕ. ಬೆಳಕಿನ ಲೆಕ್ಕ ಲ್ಯೂಮೆನ್. ಬಣ್ಣಕ್ಕೆ ಕೆಲ್ವಿನ್ ಎಂಬ ಅಂಕಿಯುಂಟು: 2700ರಿಂದ 3000 ಹಳೆಯ ಬಲ್ಬಿನ ಹೊಂಬಣ್ಣ, 4000 ಹದವಾದ ಬಿಳುಪು, 6500 ನೀಲಿಮಿಶ್ರಿತ ಬಿಳುಪು. ಕೊನೆಯದು ಅಂಗಡಿಗೆ ಒಪ್ಪೀತು, ಮನೆಗೆ ಒಪ್ಪದೆಂಬುದು ನನ್ನ ಮತ. ಪಡಸಾಲೆಗೆ 3000, ಅಡುಗೆಮನೆಗೆ 4000 ಸಾಕು. ಸಿ.ಆರ್.ಐ. ಎಂಬ ಅಂಕಿ 90ಕ್ಕೆ ಮೇಲ್ಪಟ್ಟಿದ್ದರೆ ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ, ಸೀರೆಯ ಬಣ್ಣ ಕಂದೋ ಕಪ್ಪೋ ಸರಿಯಾಗಿ ತಿಳಿಯುತ್ತದೆ. ಎಲ್ಲ ದೀಪಗಳಿಗೂ ಒಂದೇ ಸ್ವಿಚ್ಚು ಹಾಕಿಸದೆ, ಎರಡು ಮೂರು ಗುಂಪು ಮಾಡಿಸಿರಿ.

ಹಲಗೆ ಮುಚ್ಚುವ ಮುನ್ನ ತಂತಿಗಳು ಹೋಗಿರುವ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ರಂಧ್ರಕ್ಕೆ ಹೊಂದುವ ದೀಪಗಳೆರಡನ್ನು ಹೆಚ್ಚಿಗೆ ಕೊಂಡಿರಿ. ನಾಲ್ಕೈದು ವರ್ಷದ ಮೇಲೆ ಒಂದು ಕೆಟ್ಟಾಗ ಆ ಅಳತೆಯದು ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ.